ಏದುಸಿರು ಬಂತೆಂದರೆ ಪ್ರಾಣವಾಯು ಇಳಿಯಿತೆಂದಲ್ಲ

ಕೋವಿಡ್ ಬಂದು ಹೋದ ಮೇಲೆ ನಮ್ಮ ಮನೆಗಳಲ್ಲಿ ಉಳಿದುಕೊಂಡ ವಸ್ತುಗಳಲ್ಲಿ ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರವೂ ಒಂದು. ಪಲ್ಸ್ ಆಕ್ಸಿಮೀಟರ್ ಎಂದು ಅದರ ಹೆಸರು. 2020 ಮತ್ತು 2021ರಲ್ಲಿ ಅದು ಎಷ್ಟೋ ಮಂದಿಯನ್ನು ಸಕಾಲಕ್ಕೆ ಆಸ್ಪತ್ರೆ ಮುಟ್ಟಿಸಿತು, ಅದರಲ್ಲಿ ಎರಡು ಮಾತಿಲ್ಲ. ಈಗ ಅದು ಬೀರುವಿನಿಂದ ಹೊರಬಂದು ಜಿಮ್ಮಿನ ಚೀಲ ಸೇರಿದೆ. ಅರ್ಧ ಗಂಟೆ ಷಟಲ್ ಆಡಿದವರು, ಮೂರು ಮಹಡಿ ಮೆಟ್ಟಿಲು ಹತ್ತಿದವರು, ಟ್ರೆಡ್‌ಮಿಲ್‌ನಿಂದ ಇಳಿದವರು ಏದುಸಿರು ಬಿಡುತ್ತಲೇ ಬೆರಳು ತೂರಿಸಿ ನೋಡುತ್ತಾರೆ. 91 ಎಂದೋ 89 ಎಂದೋ ಕಂಡರೆ ಮುಗಿಯಿತು, ಮರುದಿನ ಬೆಳಿಗ್ಗೆ ವೈದ್ಯರ ಬಾಗಿಲಲ್ಲಿ ಹಾಜರು. “ಡಾಕ್ಟ್ರೇ, ಓಡಿದ್ರೆ ನನಗೆ ಆಕ್ಸಿಜನ್ ಇಳಿದುಬಿಡುತ್ತೆ, ಶ್ವಾಸಕೋಶ ಹಾಳಾಗಿರಬೇಕು.”

ಬಹುಪಾಲು ಮಂದಿಯಲ್ಲಿ ಏನೂ ಹಾಳಾಗಿರುವುದಿಲ್ಲ. ಆದರೆ ಈ ಭಯದ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಅದನ್ನು ಬಿಡಿಸಿ ಹೇಳದಿದ್ದರೆ ಚಿಂತಿಸಬೇಕಾಗಿಲ್ಲದವರು ಚಿಂತಿಸುತ್ತಾರೆ, ಚಿಂತಿಸಬೇಕಾದವರು ನೆಮ್ಮದಿಯಾಗಿರುತ್ತಾರೆ. ಈ ಎರಡನೆಯ ಗುಂಪಿನ ಬಗ್ಗೆಯೇ ನನಗೆ ಹೆಚ್ಚು ಕಳವಳ.

ಮೊದಲು ದೇಹದ ಲೆಕ್ಕಾಚಾರ ನೋಡೋಣ. ಸುಮ್ಮನೆ ಕುಳಿತಾಗ ವಯಸ್ಕನೊಬ್ಬನ ದೇಹ ನಿಮಿಷಕ್ಕೆ ಸುಮಾರು 250 ಮಿ.ಲೀ. ಆಮ್ಲಜನಕವನ್ನು ಬಳಸುತ್ತದೆ. ಜೀವ ಬಿಟ್ಟು ಓಡುವಾಗ ಈ ಬೇಡಿಕೆ ಹತ್ತು ಹನ್ನೆರಡು ಪಟ್ಟು ಏರುತ್ತದೆ, ಅಂದರೆ ನಿಮಿಷಕ್ಕೆ ಎರಡೂವರೆ ಮೂರು ಲೀಟರು. ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ 5 ಲೀಟರು ರಕ್ತ ಪಂಪು ಮಾಡುತ್ತದೆ. ಆರೋಗ್ಯವಂತ ಯುವಕನ ಹೃದಯ ಎಷ್ಟೇ ದುಡಿದರೂ ಅದನ್ನು 20 ಲೀಟರಿಗೆ, ಅಂದರೆ ನಾಲ್ಕು ಪಟ್ಟಿಗೆ ಏರಿಸೀತು. ಹಾಗಾದರೆ ಉಳಿದ ಮೂರು ಪಟ್ಟು ಎಲ್ಲಿಂದ ಬಂತು?

ಮದುವೆ ಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಸಾರಿನ ಬಕೆಟ್ ಹಿಡಿದ ಹುಡುಗ ಅಡುಗೆಮನೆಯಲ್ಲಿ ಅಂಚಿನವರೆಗೆ ತುಂಬಿಸಿಕೊಂಡು ಹೊರಡುತ್ತಾನೆ. ಉಂಡು ತೃಪ್ತರಾದವರ ಪಂಕ್ತಿಯಾದರೆ ಕಾಲು ಭಾಗ ಖರ್ಚಾಗಿ ಮುಕ್ಕಾಲು ಬಕೆಟ್ ವಾಪಸು ಬರುತ್ತದೆ. ಹಸಿದವರ ಪಂಕ್ತಿಯಾದರೆ ಹುಡುಗ ಓಡಾಡುವುದೂ ಜೋರು, ಬಕೆಟ್ ಬರಿದಾಗುವುದೂ ಹೆಚ್ಚು. ಹಿಮೋಗ್ಲೋಬಿನ್ನಿನ ಕೆಲಸ ಇದೇ. 100 ಮಿ.ಲೀ. ರಕ್ತ ಸುಮಾರು 20 ಮಿ.ಲೀ. ಆಮ್ಲಜನಕ ಹೊತ್ತು ಹೊರಡುತ್ತದೆ. ಕುಳಿತಾಗ ಅಂಗಾಂಗಗಳು ಅದರಲ್ಲಿ 5 ಮಿ.ಲೀ. ತೆಗೆದುಕೊಂಡರೆ, ಬಿರುಸಿನ ವ್ಯಾಯಾಮದಲ್ಲಿ 15 ಮಿ.ಲೀ. ಕಿತ್ತುಕೊಳ್ಳುತ್ತವೆ. ನಾಲ್ಕು ಪಟ್ಟು ಹರಿವು, ಮೂರು ಪಟ್ಟು ಬಳಕೆ, ಒಟ್ಟು ಹನ್ನೆರಡು ಪಟ್ಟು! ದುಡಿಯುವ ಸ್ನಾಯು ಬಿಸಿಯಾಗಿರುತ್ತದೆ, ಅಲ್ಲಿ ಆಮ್ಲ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತವೆ. ಇವು ಹಿಮೋಗ್ಲೋಬಿನ್ನಿನ ಹಿಡಿತವನ್ನು ಸಡಿಲಿಸುತ್ತವೆ. ಇಂಗಾಲದ ಡೈಆಕ್ಸೈಡಿನ ಈ ಪ್ರಭಾವವನ್ನು 1904ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್. ಪರಮಾಣುವಿನ ರಚನೆಗೆ ಹೆಸರಾದ ನೀಲ್ಸ್ ಬೋರ್ ಅವರ ತಂದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬರಿದಾಗುವುದು ಹಿಂತಿರುಗುವ ಬಕೆಟ್ಟು, ಹೊರಡುವ ಬಕೆಟ್ಟಲ್ಲ. ಸ್ನಾಯುವಿನಿಂದ ವಾಪಸಾಗುವ ರಕ್ತದಲ್ಲಿ ಆಮ್ಲಜನಕ ತೀರ ಕಡಿಮೆಯಾದರೂ ಶ್ವಾಸಕೋಶದಿಂದ ಹೊರಟ ರಕ್ತ ನಿಮ್ಮಲ್ಲಿ ನನ್ನಲ್ಲಿ ಶೇ 95ರ ಮೇಲೆಯೇ ತುಂಬಿರುತ್ತದೆ. ಏದುಸಿರು ಬರುವುದು ಮುಖ್ಯವಾಗಿ ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನೂ ಆಮ್ಲವನ್ನೂ ಹೊರಹಾಕುವುದಕ್ಕಾಗಿ. ಅಂದರೆ ಅದು ಕಸ ಸಾಗಿಸುವ ಗಡಿಬಿಡಿ, ಅಡುಗೆಮನೆಯ ಬರಗಾಲವಲ್ಲ. ಆದ್ದರಿಂದಲೇ ಕ್ಯಾನಿನಲ್ಲಿ ತುಂಬಿ ಮಾರುವ ಆಮ್ಲಜನಕವನ್ನು ಆಟದ ನಡುವೆ ಎಳೆದುಕೊಳ್ಳುವುದು ದುಡ್ಡಿಗೆ ದಂಡ. ಅಂಚಿನವರೆಗೆ ತುಂಬಿದ ಬಕೆಟ್ಟಿಗೆ ಇನ್ನೆಷ್ಟು ಸುರಿದೀರಿ?

ಹಾಗಾದರೆ ಯಂತ್ರ 89 ತೋರಿಸಿದ್ದು ಯಾಕೆ? ಅದು ಬೆರಳಿನ ಮೂಲಕ ಬೆಳಕು ಹಾಯಿಸಿ, ನಾಡಿಯ ಪ್ರತಿ ಮಿಡಿತದಲ್ಲಿ ಎಷ್ಟು ಬೆಳಕು ಹೀರಲ್ಪಟ್ಟಿತು ಎಂದು ಲೆಕ್ಕ ಹಾಕುತ್ತದೆ. ಕೈ ನಡುಗಿದರೆ, ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಬಳಿದಿದ್ದರೆ ಲೆಕ್ಕ ತಪ್ಪುತ್ತದೆ. ಬಿರುಸಾಗಿ ಓಡುವಾಗ ರಕ್ತದ ಶೇ 80ರಷ್ಟು ಸ್ನಾಯುಗಳಿಗೆ ಹರಿಯುತ್ತಿರುತ್ತದೆ. ಬೆರಳ ತುದಿಯ ಪಾಲಿಗೆ ಉಳಿಯುವುದು ಅಲ್ಪ. ಐದು ನಿಮಿಷ ಸುಮ್ಮನೆ ಕುಳಿತು, ಕೈ ಬೆಚ್ಚಗೆ ಮಾಡಿಕೊಂಡು, ಅಂಕಿ ಸ್ಥಿರವಾಗುವವರೆಗೆ ಕಾದು ನೋಡಿ.

ಇದಕ್ಕೆ ಅಪವಾದಗಳಿವೆ. ಕೋವಿಡ್ ದಿನಗಳಲ್ಲಿ ಆರು ನಿಮಿಷ ನಡೆದು ನೋಡಿ ಎಂದು ಹೇಳುತ್ತಿದ್ದೆವಲ್ಲ, ಆ ಮಾತು ಈಗಲೂ ಸರಿ. ಸಮತಟ್ಟಾದ ನೆಲದಲ್ಲಿ ಸಾಧಾರಣವಾಗಿ ನಡೆದಾಗಲೇ ಅಂಕಿ ಮೂರು ನಾಲ್ಕು ಇಳಿದರೆ ಅದು ಶ್ವಾಸಕೋಶದ ಅಥವಾ ಹೃದಯದ ತೊಂದರೆ ಇರಬಹುದು. ಅಂಥವರು ವೈದ್ಯರನ್ನು ಕಾಣಲೇಬೇಕು. ಇನ್ನು ತೀರ ಮೇಲ್ಮಟ್ಟದ ಕೆಲವು ಓಟಗಾರರಲ್ಲಿ ನಿಜವಾಗಿಯೇ ಆಮ್ಲಜನಕದ ಪ್ರಮಾಣ ಇಳಿಯುತ್ತದೆ. ಅವರ ಹೃದಯ ರಕ್ತವನ್ನು ಎಷ್ಟು ರಭಸದಿಂದ ದೂಡುತ್ತದೆಂದರೆ ಶ್ವಾಸಕೋಶದಲ್ಲಿ ಬಕೆಟ್ ತುಂಬಿಸಿಕೊಳ್ಳಲು ಪುರಸೊತ್ತು ಸಾಲುವುದಿಲ್ಲ. ರೇಸಿನ ಕುದುರೆಗಳ ಪಾಡೂ ಇದೇ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಓಡುವ ನಾವು ಆ ಸಾಲಿಗೆ ಸೇರಿದವರಲ್ಲ ಬಿಡಿ.

ಇನ್ನು ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಗೆ ಬರೋಣ. ಓಡುವಾಗ ರಕ್ತ ದಪ್ಪವಾಗುತ್ತದೆ. ಬಿರುಸಿನ ವ್ಯಾಯಾಮದ ಮೊದಲ ಕೆಲವು ನಿಮಿಷಗಳಲ್ಲೇ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ನಾಳಗಳಿಂದ ಜಾರಿ ಸ್ನಾಯುಗಳ ಸಂದಿಗೆ ಸೇರುತ್ತದೆ. ಬಳಿಕ ಬೆವರಿನ ರೂಪದಲ್ಲಿ ಇನ್ನಷ್ಟು ನೀರು ಹೋಗುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ರಕ್ತದ ಶೇ 45ರಷ್ಟು ಕೆಂಪುಕಣಗಳಿರುತ್ತವೆ. ಓಟದ ಕೊನೆಯಲ್ಲಿ ಅದು 48, 50 ಮುಟ್ಟಬಹುದು. ವಿಶ್ರಾಂತಿಯಲ್ಲಿಯೇ ರಕ್ತ ನೀರಿಗಿಂತ ಮೂರು ನಾಲ್ಕು ಪಟ್ಟು ಮಂದ. ಅದು ಇನ್ನೂ ಮಂದವಾದರೆ, ತೆಳು ಮಜ್ಜಿಗೆಯ ಜಾಗದಲ್ಲಿ ಅಂಬಲಿಯನ್ನು ಕೊಳವೆಯಲ್ಲಿ ಹರಿಸಿದ ಹಾಗೆ.

ಆದರೂ ಆರೋಗ್ಯವಂತರಿಗೆ ಏನೂ ಆಗುವುದಿಲ್ಲ ಏಕೆ? ಫ್ರೆಂಚ್ ವೈದ್ಯ ಪ್ವಾಸೇಯ್ 1840ರ ದಶಕದಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ನಿಯಮವನ್ನು ಕಂಡುಕೊಂಡರು. ದ್ರವ ದಪ್ಪವಾದಷ್ಟೂ ಹರಿವು ಕಡಿಮೆ, ಅದು ಸರಿ. ಆದರೆ ಕೊಳವೆ ಒಂದಿಷ್ಟು ಅಗಲವಾದರೆ ಸಾಕು, ಹರಿವು ಬೆರಗಾಗುವಷ್ಟು ಏರುತ್ತದೆ. ಅಗಲ ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟು. ಶೇ 20ರಷ್ಟು ಹಿಗ್ಗಿದರೂ ಹರಿವು ಹೆಚ್ಚುಕಡಿಮೆ ಎರಡು ಪಟ್ಟು. ದುಡಿಯುವ ಸ್ನಾಯುವಿನ ರಕ್ತನಾಳಗಳು ಹೀಗೆ ಹಿಗ್ಗುವುದರಿಂದ ರಕ್ತದ ಮಂದತೆ ಲೆಕ್ಕಕ್ಕೇ ಬರುವುದಿಲ್ಲ. ಜತೆಗೆ ರಕ್ತಕ್ಕೆ ಇನ್ನೊಂದು ಗುಣವಿದೆ. ಸೀಸೆಯಲ್ಲಿ ಅಲುಗದೆ ಕುಳಿತ ಟೊಮೆಟೊ ಸಾಸು ಕುಲುಕಿದೊಡನೆ ಸುರಿಯುವಂತೆ, ರಕ್ತವೂ ವೇಗವಾಗಿ ಹರಿದಾಗ ತೆಳುವಾಗುತ್ತದೆ. ನಿಧಾನವಾದಾಗ ಪೇರಿಸಿದ ನಾಣ್ಯಗಳ ಹಾಗೆ ಒಂದಕ್ಕೊಂದು ಅಂಟುವ ಕೆಂಪುಕಣಗಳು ರಭಸಕ್ಕೆ ಬಿಡಿಬಿಡಿಯಾಗುತ್ತವೆ. ತಮಗಿಂತ ಕಿರಿದಾದ ಲೋಮನಾಳಗಳಲ್ಲೂ ಮೈ ಮಡಿಸಿಕೊಂಡು ನುಸುಳುತ್ತವೆ.

ತೊಂದರೆ ಇರುವುದು ನಾಳಗಳು ಹಿಗ್ಗದವರಿಗೆ. ಹತ್ತು ವರ್ಷದ ಸಕ್ಕರೆ ಕಾಯಿಲೆ, ಅಂಕೆಯಿಲ್ಲದ ರಕ್ತದೊತ್ತಡ, ದಿನಕ್ಕೊಂದು ಪ್ಯಾಕ್ ಸಿಗರೇಟು, ಕುರ್ಚಿ ಬಿಟ್ಟೇಳದ ಉದ್ಯೋಗ, ಇಂಥವರ ನಾಳಗಳ ಒಳಪದರ ಗಡುಸಾಗಿರುತ್ತದೆ. ಸಕ್ಕರೆ ಕಾಯಿಲೆಯವರ ಕೆಂಪುಕಣಗಳೂ ಅಷ್ಟು ಸುಲಭವಾಗಿ ಮಡಚಿಕೊಳ್ಳುವುದಿಲ್ಲ. ರಕ್ತ ದಪ್ಪವಾಗುತ್ತಿದೆ, ನಾಳ ಅಗಲವಾಗುತ್ತಿಲ್ಲ, ಹೃದಯ ಮಾತ್ರ ಜೋರಾಗಿ ಬಡಿಯುತ್ತಿದೆ. ವರ್ಷಗಟ್ಟಲೆ ಅಲುಗಾಡದವರು ಒಂದು ದಿನ ಹಠಾತ್ತನೆ ಬಿರುಸಿನ ವ್ಯಾಯಾಮಕ್ಕೆ ಇಳಿದರೆ ಹೃದಯಾಘಾತದ ಸಂಭವ ಆ ಹೊತ್ತಿನಲ್ಲಿ ಏರುತ್ತದೆ ಎನ್ನುವುದು ವೈದ್ಯಶಾಸ್ತ್ರಕ್ಕೆ ಬಹಳ ಕಾಲದಿಂದ ಗೊತ್ತು. ನಿಯಮಿತವಾಗಿ ಮಾಡುವವರಲ್ಲಿ ಈ ಸಂಭವ ಬಹಳ ಕಡಿಮೆ ಎನ್ನುವುದೂ ಅಷ್ಟೇ ನಿಜ. ಸಿಗರೇಟು ಸೇದುವವರಿಗೆ ಇನ್ನೊಂದು ಮಾತು. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಜಾಗ ಕಬಳಿಸುತ್ತದೆ. ನಿಮ್ಮ ಬೆರಳಿನ ಯಂತ್ರ ಅದನ್ನೂ ಆಮ್ಲಜನಕವೆಂದೇ ಎಣಿಸಿ 98 ತೋರಿಸಿ ನಿಮ್ಮನ್ನು ಸಂತೋಷಪಡಿಸುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡಿಗೆ ನಾಡೇ ಬೆಚ್ಚಿತು. ಮುಂದಿನ ವಾರಗಳಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಅವರ ವಿಷಯದಲ್ಲಿ ದೂರ ಕುಳಿತು ಕಾರಣ ಹೇಳುವುದು ವೈದ್ಯನಿಗೆ ಸಲ್ಲದು, ನಾನು ಹೇಳುವುದೂ ಇಲ್ಲ. ಆದರೆ ಆ ಸಾಲು ಕರಗಿದ ಮೇಲೆ ಉಳಿದದ್ದು ಎರಡು ಅತಿರೇಕಗಳು. ಕೆಲವರು ಹೆದರಿ ವ್ಯಾಯಾಮವನ್ನೇ ಬಿಟ್ಟರು. ಇನ್ನು ಕೆಲವರು ಒಂದು ಇಸಿಜಿ ಸರಿ ಇದ್ದುದೇ ಪರವಾನಗಿ ಎಂದುಕೊಂಡು ಮರುದಿನವೇ ಭಾರ ಎತ್ತಲು ಹೊರಟರು. ಎರಡೂ ತಪ್ಪು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ದುಡಿಯುವ ಹೃದಯದ ಬಗ್ಗೆ ಹೇಳುವುದು ಕಡಿಮೆ. ನಲವತ್ತು ದಾಟಿದ, ಮೇಲೆ ಹೇಳಿದ ಯಾವುದಾದರೂ ತೊಂದರೆ ಇರುವವರು ಬಿರುಸಿನ ವ್ಯಾಯಾಮಕ್ಕೆ ಇಳಿಯುವ ಮುನ್ನ ವೈದ್ಯರ ಸಲಹೆ ಪಡೆಯಬೇಕು. ಮೊದಲ ತಿಂಗಳು ನಡಿಗೆಯೇ ಸಾಕು. ಓಡುವಾಗ ಎದೆ ಹಿಂಡಿದಂತಾದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಕಣ್ಣು ಕತ್ತಲಿಟ್ಟರೆ ‘ಗ್ಯಾಸು’ ಎಂದು ಸೋಡಾ ಕುಡಿಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಓಟ ಮುಗಿದೊಡನೆ ಕಂಬದಂತೆ ನಿಲ್ಲುವುದೂ ಒಳ್ಳೆಯದಲ್ಲ. ರಕ್ತವನ್ನು ಮೇಲಕ್ಕೆ ಒತ್ತುತ್ತಿದ್ದ ಮೀನಖಂಡ ಕೆಲಸ ನಿಲ್ಲಿಸಿದರೆ ಹಿಗ್ಗಿದ ನಾಳಗಳಲ್ಲಿ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆ ಸುತ್ತುತ್ತದೆ. ಐದು ಹತ್ತು ನಿಮಿಷ ನಡೆದಾಡಿ.

ರಕ್ತ ದಪ್ಪವಿದ್ದರೆ ಶಕ್ತಿ ಹೆಚ್ಚು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಕ್ರೀಡಾಲೋಕದಲ್ಲೂ ಇದೆ. ಅದರಲ್ಲಿ ಅರ್ಧ ಸತ್ಯವೂ ಇದೆ. ಫಿನ್ಲೆಂಡಿನ ಹಿಮಜಾರಾಟಗಾರ ಏರೋ ಮ್ಯಾಂಟಿರಾಂಟಾ 1964ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಅವರ ಹಿಮೋಗ್ಲೋಬಿನ್ 20 ಗ್ರಾಂಗಿಂತ ಮೇಲಿತ್ತು. ಅದು ಹುಟ್ಟಿನಿಂದ ಬಂದದ್ದು, ವಂಶವಾಹಿಯ ಬದಲಾವಣೆ ಎಂದು 1993ರಲ್ಲಿ ಗೊತ್ತಾಯಿತು. ಹುಟ್ಟಿನಿಂದ ಬಾರದವರು ಸೂಜಿಯಿಂದ ಪಡೆಯಲು ಹೊರಟರು. ಮೂತ್ರಪಿಂಡ ಕೆಟ್ಟವರ ರಕ್ತಹೀನತೆಗೆಂದು ಬಂದ ಎರಿತ್ರೊಪೊಯೆಟಿನ್ ಚುಚ್ಚುಮದ್ದು ಸೈಕಲ್ ಪಂದ್ಯಗಳಲ್ಲಿ ಕಳ್ಳದಾರಿಯಾಯಿತು. ಕೊನೆಗೆ 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಕೆಂಪುಕಣಗಳ ಪ್ರಮಾಣ ಶೇ 50 ದಾಟಿದ ಪುರುಷರು ಪಂದ್ಯದಲ್ಲಿ ಮುಂದುವರಿಯುವಂತಿಲ್ಲ ಎಂದು ನಿಯಮ ಮಾಡಿತು. 1999ರ ಇಟಲಿ ಪ್ರವಾಸ ಪಂದ್ಯದಲ್ಲಿ ಗೆಲುವಿನ ಹೊಸ್ತಿಲಲ್ಲಿದ್ದ ಮಾರ್ಕೊ ಪಂತಾನಿಯನ್ನು 52 ಎಂಬ ಅಂಕಿ ಮನೆಗೆ ಕಳಿಸಿತು. ಐವತ್ತರ ಆಚೆ ರಕ್ತದ ಮಂದತೆ ಏಣಿಯಂತಲ್ಲ, ಗೋಡೆಯಂತೆ ಏರುತ್ತದೆ.

ವಿಚಿತ್ರವೆಂದರೆ ಪ್ರಾಮಾಣಿಕವಾಗಿ ಅಭ್ಯಾಸ ಮಾಡುವವರ ದೇಹ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯುತ್ತದೆ. ಅದು ರಕ್ತವನ್ನು ತೆಳುವಾಗಿಸುತ್ತದೆ. ತರಬೇತಿ ಆರಂಭವಾದ ಒಂದೆರಡು ವಾರಗಳಲ್ಲೇ ಪ್ಲಾಸ್ಮಾ ಹೆಚ್ಚುತ್ತದೆ, ಕೆಂಪುಕಣಗಳು ಆಮೇಲೆ ನಿಧಾನವಾಗಿ ಹೆಚ್ಚುತ್ತವೆ. ನಡುವಿನ ಅವಧಿಯಲ್ಲಿ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಅರ್ಧ ಗ್ರಾಮೋ ಒಂದು ಗ್ರಾಮೋ ಇಳಿದಂತೆ ಕಾಣುತ್ತದೆ. ಒಟ್ಟು ಕಣಗಳು ಕಡಿಮೆಯಾಗಿರುವುದಿಲ್ಲ, ನೀರು ಬೆರೆತಿರುತ್ತದೆ ಅಷ್ಟೆ. ಇಂಥ ರಕ್ತ ಸಲೀಸಾಗಿ ಹರಿಯುತ್ತದೆ, ಹೃದಯವನ್ನು ಪ್ರತಿ ಬಡಿತದಲ್ಲೂ ಚೆನ್ನಾಗಿ ತುಂಬುತ್ತದೆ.

ಕೆಲವು ಕಾಲದ ಹಿಂದೆ ಒಂದೇ ವಾರದಲ್ಲಿ ಇಬ್ಬರು ಮಕ್ಕಳನ್ನು ನೋಡಿದೆ. 16 ವರ್ಷದ ಹುಡುಗ, 1500 ಮೀಟರ್ ಓಟಗಾರ. ಹಿಮೋಗ್ಲೋಬಿನ್ ಹಿಂದಿನ ವರ್ಷ 14.2, ಈಗ 13.4. ತಂದೆ ದಪ್ಪ ಕಡತ ಹಿಡಿದು ಬಂದಿದ್ದರು. ರಕ್ತ ಏರಿಸುವ ಇಂಜೆಕ್ಷನ್ ಬೇಕೆಂದು ಯಾರೋ ಹೇಳಿದ್ದರಂತೆ. ಹುಡುಗನಿಗೆ ಏನೂ ಆಗಿರಲಿಲ್ಲ, ಅವನ ದೇಹ ತರಬೇತಿಗೆ ಒಗ್ಗಿಕೊಳ್ಳುತ್ತಿತ್ತು. ಮೂರು ದಿನಗಳ ಬಳಿಕ 15 ವರ್ಷದ ಹುಡುಗಿಯೊಬ್ಬಳು ಕೆಮ್ಮಿಗೆ ಔಷಧಿ ಕೇಳಿ ಬಂದಳು. ಖೋ ಖೋ ಆಡುತ್ತಾಳೆ, ಈಚೆಗೆ ಬೇಗ ಸುಸ್ತು. “ಸೋಮಾರಿ ಆಗಿದ್ದಾಳೆ” ಎಂದು ತಾಯಿಯ ದೂರು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಬಿಳಿಚಿತ್ತು. ಹಿಮೋಗ್ಲೋಬಿನ್ 9.1. ಬೆರಳಿನ ಯಂತ್ರದಲ್ಲಿ ಅವಳದು 98!

ಆ 98ರಲ್ಲಿ ಆಶ್ಚರ್ಯವೇನೂ ಇಲ್ಲ. ಯಂತ್ರ ಹೇಳುವುದು ಬಕೆಟ್ ಎಷ್ಟು ತುಂಬಿದೆ ಎಂದು ಮಾತ್ರ, ಬಕೆಟ್ ಎಷ್ಟು ದೊಡ್ಡದು ಎಂದಲ್ಲ. ಅವಳ 100 ಮಿ.ಲೀ. ರಕ್ತದಲ್ಲಿ ಸುಮಾರು 12 ಮಿ.ಲೀ. ಆಮ್ಲಜನಕ, ಹುಡುಗನದರಲ್ಲಿ ಸುಮಾರು 18. ಅಂಕಣದಲ್ಲಿ ಅವಳು ಪ್ರತಿದಿನ ಮೂರನೆಯ ಒಂದು ಪಾಲು ಕಡಿಮೆ ಸಾಮಾನಿನೊಂದಿಗೆ ಓಡುತ್ತಿದ್ದಳು. ಅವಳ ರಕ್ತ ತೆಳುವಾದದ್ದು ತರಬೇತಿಯಿಂದಲ್ಲ, ಕಬ್ಬಿಣದ ಕೊರತೆಯಿಂದ. ಇವೆರಡನ್ನು ಬೇರ್ಪಡಿಸಲು ಕೆಂಪುಕಣಗಳ ಗಾತ್ರವನ್ನೂ ರಕ್ತದಲ್ಲಿನ ಫೆರಿಟಿನ್ ಪ್ರಮಾಣವನ್ನೂ ನೋಡಿದರೆ ಸಾಕು. ಸರಕಾರದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿ ರಕ್ತಹೀನರು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಎಸೆಯುವ ಹುಡುಗಿಯರೇ ಹೆಚ್ಚು ಎಂಬುದು ನನ್ನ ಅನುಭವ. ಊಟದ ನಂತರ ನುಂಗಿದರೆ ತೊಳಸುವುದು ಕಡಿಮೆ. ಊಟದ ಜತೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟವಾದ ಒಡನೆ ಕಾಫಿ, ಚಹಾ ಬೇಡ, ಅವು ಕಬ್ಬಿಣ ಹೀರಿಕೊಳ್ಳಲು ಬಿಡುವುದಿಲ್ಲ. ಮಗನ ಓಟದ ಸಮಯ ಎರಡು ಸೆಕೆಂಡು ಹೆಚ್ಚಾದರೆ ಲ್ಯಾಬಿಗೆ ಓಡುವ ನಾವು, ಮಗಳ ಸುಸ್ತಿಗೆ ಸೋಮಾರಿತನವೆಂದು ಹೆಸರಿಡುವುದು ನನಗೆ ಸರಿಕಾಣುವುದಿಲ್ಲ.

ಇನ್ನು ನೀರಿನ ವಿಚಾರ. ದಪ್ಪವಾಗುವ ರಕ್ತಕ್ಕೆ ಅತಿ ಅಗ್ಗದ ಮದ್ದು ಅದೇ. ಆಟಕ್ಕೆ ಒಂದೆರಡು ಗಂಟೆ ಮೊದಲು ಎರಡು ಲೋಟ, ನಡುವೆ ಬಾಯಾರಿದಾಗಲೆಲ್ಲ ಕೆಲವು ಗುಟುಕು. ಒಂದು ಗಂಟೆಗಿಂತ ಹೆಚ್ಚು ಬೆವರಿದರೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಪಾನಕ. ಅತಿಯಾಗಿ ಕುಡಿಯುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಅವರಲ್ಲಿ ಅನೇಕರು ಓಟದ ಉದ್ದಕ್ಕೂ ಬೇಕಾದ್ದಕ್ಕಿಂತ ಹೆಚ್ಚು ಕುಡಿದವರು. ಬಾಯಾರಿಕೆಯ ಮಾತು ಕೇಳಿ, ಬಾಟಲಿಯ ಮೇಲಿನ ಗೆರೆಯ ಮಾತನ್ನಲ್ಲ.

ಆದರೆ ನಮ್ಮ ಶಾಲೆಗಳಲ್ಲಿ ಅತಿಯಾಗಿ ಕುಡಿಯುವ ಸಮಸ್ಯೆ ಎಲ್ಲಿದೆ? ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಬೆಳಿಗ್ಗೆ ಗಣ್ಯರ ಭಾಷಣ, ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ 800 ಮೀಟರ್ ಓಟ. ಹುಡುಗಿಯರು ಬೆಳಗಿನಿಂದ ಬೇಕೆಂದೇ ನೀರು ಕುಡಿದಿರುವುದಿಲ್ಲ, ಮೈದಾನದಲ್ಲಿ ಹೋಗುವಂಥ ಶೌಚಾಲಯ ಇರುವುದಿಲ್ಲವೆಂದು ಅವರಿಗೆ ಗೊತ್ತು. ತೆಳುವಾದ ಬಕೆಟ್ಟು, ದಪ್ಪವಾದ ರಕ್ತ, ನೆತ್ತಿಯ ಮೇಲೆ ಸೂರ್ಯ. ಕುಸಿದು ಬಿದ್ದ ಮೇಲೆ ಗ್ಲೂಕೋಸ್ ಪುಡಿ ಹುಡುಕುತ್ತೇವೆ. ಮುಂದಿನ ಕ್ರೀಡಾಕೂಟಕ್ಕೆ ಮಗಳನ್ನು ಕಳಿಸುವ ತಾಯಿ ತಂದೆಯರು ದೈಹಿಕ ಶಿಕ್ಷಕರನ್ನು ಎರಡು ಪ್ರಶ್ನೆ ಕೇಳಿ. ಓಟ ಎಷ್ಟು ಗಂಟೆಗೆ? ಹುಡುಗಿಯರ ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ?